ಪೇಜ್‌ಮೇಕರ್ 7ಕ್ಕೆ ಹೊಸ ಮನೆ: ಹಳೆಯ ನುಡಿ ಪುಟಗಳು ಸಾಲು ಕದಲದೆ ತೆರೆಯಬೇಕಾದರೆ

ಪುಸ್ತಕ, ಪತ್ರಿಕೆಗಳ ಪುಟ ಕಟ್ಟುವ ಅಡೋಬಿಯ ತಂತ್ರಾಂಶ ಪೇಜ್‌ಮೇಕರ್ 7.0 ಬಂದದ್ದು 2001ರಲ್ಲಿ. ಅಡೋಬಿ ಅದಕ್ಕೂ ಎರಡು ವರ್ಷ ಮೊದಲೇ ಅದೇ ಕೆಲಸದ ಇನ್‌ಡಿಸೈನ್ ತಂದಿತ್ತು, ಹಾಗಾಗಿ 8 ಎಂಬುದು ಬರಲೇ ಇಲ್ಲ. ಆದರೂ ನಮ್ಮ ಡಿಟಿಪಿ ಅಂಗಡಿಗಳ ಮತ್ತು ಸಣ್ಣ ಪ್ರೆಸ್ಸುಗಳ ಹಾರ್ಡ್‌ಡಿಸ್ಕುಗಳಲ್ಲಿ ಲಗ್ನಪತ್ರಿಕೆ, ಸೊಸೈಟಿಯ ವಾರ್ಷಿಕ ವರದಿ, ಕವನಸಂಕಲನ, ಅಭಿನಂದನಾ ಗ್ರಂಥ ಎಲ್ಲವೂ ಪಿಎಂಡಿ ಅಥವಾ ಪಿ65 ಕಡತಗಳಾಗಿ ಕುಳಿತಿವೆ. ಹತ್ತು ವರ್ಷದ ಮೇಲೆ ಎರಡನೇ ಮುದ್ರಣ ಬೇಕು ಎಂದು ಯಾರಾದರೂ ಬಂದಾಗ ಆ ಕಡತ ತೆರೆಯಲೇಬೇಕು.

ಪ್ರೋಗ್ರಾಂ ಓಡಿಸುವುದೇ ಇಲ್ಲಿ ದೊಡ್ಡ ಕೆಲಸ ಎಂದು ಹೆಚ್ಚಿನವರು ತಿಳಿಯುತ್ತಾರೆ. ಅಲ್ಲ. ಪೇಜ್‌ಮೇಕರ್ 7 ಆನ್‌ಲೈನ್ ಆಕ್ಟಿವೇಶನ್ ಕೇಳದ ಕಾಲದ ಸರಕು. ಸಿಡಿ ಮತ್ತು ಸೀರಿಯಲ್ ನಂಬರ್ ಇದ್ದರೆ ಎಲ್ಲೋ ಒಂದು ಕಡೆ ಎದ್ದು ನಿಲ್ಲುತ್ತದೆ. ಕೈಕೊಡುವುದು ಅದರ ಜೊತೆಗಾರರು: ಫಾಂಟು, ಪ್ರಿಂಟರು, ಕೀಲಿಮಣೆಯ ತಂತ್ರಾಂಶ (ನುಡಿ ಎಂಬುದು ಕನ್ನಡದ ಫಾಂಟು, ಕೀಲಿಮಣೆ ಎರಡನ್ನೂ ಕೊಡುವ ತಂತ್ರಾಂಶ). ಈ ಮೂರನ್ನೂ ಪೇಜ್‌ಮೇಕರ್ ಜೊತೆಗೇ ಹೊಸ ಮನೆಗೆ ಸಾಗಿಸದಿದ್ದರೆ ಕಡತ ತೆರೆಯುತ್ತದೆ, ಪುಟ ಮಾತ್ರ ಹಳೆಯದಾಗಿರುವುದಿಲ್ಲ.

ಹಳೆಯ ಮಷೀನು ಇನ್ನೂ ಏಳುತ್ತಿರುವಾಗ

ವಿಂಡೋಸ್ ಎಕ್ಸ್‌ಪಿ ಇರುವ ಹಳೆಯ ಡಬ್ಬ ಇನ್ನೂ ಬೂಟ್ ಆಗುತ್ತಿದ್ದರೆ ಅದನ್ನು ಗುಜರಿಗೆ ಹಾಕುವ ಮೊದಲು ಕೂತು ಇಷ್ಟನ್ನು ಬರೆದುಕೊಳ್ಳಿ, ನಕಲು ತೆಗೆದುಕೊಳ್ಳಿ.

ವಿಂಡೋಸ್‌ನ ಫಾಂಟ್ಸ್ ಫೋಲ್ಡರ್ ಪೂರ್ತಿ ಬೇಕು. ‘ನುಡಿ ಮತ್ತೆ ಡೌನ್‌ಲೋಡ್ ಮಾಡಿದರಾಯಿತು’ ಎಂದುಕೊಳ್ಳಬೇಡಿ. ಒಂದೇ ಹೆಸರಿನ ಫಾಂಟ್ ಬೇರೆ ಬೇರೆ ಆವೃತ್ತಿಗಳಲ್ಲಿ ಬಂದಿರುತ್ತದೆ. ಅಕ್ಷರದ ಅಗಲ ಕೂದಲೆಳೆಯಷ್ಟು ಬದಲಾದರೂ 200 ಪುಟದ ಪುಸ್ತಕ 203 ಆಗುತ್ತದೆ. ಆಮೇಲೆ ಪೇಜ್‌ಮೇಕರ್ ಇನ್‌ಸ್ಟಾಲ್ ಆದ ಫೋಲ್ಡರಿನ ಒಳಗೆ ಆರ್‌ಎಸ್‌ಆರ್‌ಸಿ, ಅದರೊಳಗೆ ಯುಎಸ್‌ಇಂಗ್ಲ್‌ಶ್ ಎಂಬ ಫೋಲ್ಡರ್ ಇದೆ. ಪ್ರಿಫರೆನ್ಸ್ ಕಡತವಾದ ಪಿಎಂ70 ಸಿಎನ್‌ಎಫ್ ಅಲ್ಲಿರುತ್ತದೆ, ಪಿಪಿಡಿ4 ಎಂಬ ಒಳಫೋಲ್ಡರಿನಲ್ಲಿ ಪ್ರಿಂಟರುಗಳ ವಿವರಣೆ ಇರುತ್ತದೆ. ಎರಡನ್ನೂ ಎತ್ತಿಟ್ಟುಕೊಳ್ಳಿ.

ಮುಖ್ಯವಾದ ಒಂದೆರಡು ಕಡತ ತೆರೆದು ಫೈಲ್ ಮೆನುವಿನ ಡಾಕ್ಯುಮೆಂಟ್ ಸೆಟಪ್ ನೋಡಿ. ‘ಕಂಪೋಸ್ ಟು ಪ್ರಿಂಟರ್’ ಎಂಬಲ್ಲಿ ಯಾವ ಹೆಸರಿದೆ, ಟಾರ್ಗೆಟ್ ರೆಸಲ್ಯೂಶನ್ ಎಷ್ಟು ಎಂದು ಚೀಟಿಯಲ್ಲಿ ಬರೆಯಿರಿ. ಈ ಚೀಟಿಯ ಬೆಲೆ ಮುಂದೆ ಗೊತ್ತಾಗುತ್ತದೆ. ಚಿತ್ರಗಳು ಡಿ ಡ್ರೈವಿನಲ್ಲಿದ್ದವೋ ಇ ಡ್ರೈವಿನಲ್ಲಿದ್ದವೋ ಅದನ್ನೂ ಬರೆಯಿರಿ. ಕೊನೆಗೆ, ಒಂದು ಪುಸ್ತಕದ ಹತ್ತು ಪುಟಗಳನ್ನು ಅದೇ ಮಷೀನಿನಿಂದ ಅದೇ ಲೇಸರ್ ಪ್ರಿಂಟರಿನಲ್ಲಿ ತೆಗೆದಿಡಿ. ಇದೇ ಅಳತೆಗೋಲು.

ಮಷೀನು ಏಳದಿದ್ದರೆ ಡಿಸ್ಕ್ ಬಿಚ್ಚಿ. ಆ ಕಾಲದ್ದು ಅಗಲ ರಿಬ್ಬನ್ ಕೇಬಲ್ಲಿನ ಐಡಿಇ ಡಿಸ್ಕ್ ಆಗಿದ್ದರೆ ಐಡಿಇಯಿಂದ ಯುಎಸ್‌ಬಿಗೆ ಹೋಗುವ ಅಡಾಪ್ಟರ್ ಬೇಕು, ಜೊತೆಗೆ 12 ವೋಲ್ಟ್ ಕೊಡುವ ಅದರದೇ ಪವರ್ ಇಟ್ಟಿಗೆಯೂ ಬೇಕು. ಯುಎಸ್‌ಬಿ ಪೋರ್ಟಿನ 5 ವೋಲ್ಟಿಗೆ ಮೂರೂವರೆ ಇಂಚಿನ ಡಿಸ್ಕ್ ತಿರುಗುವುದಿಲ್ಲ. ಜಂಪರ್ ಮಾಸ್ಟರ್‌ನಲ್ಲಿರಲಿ. ‘ಕಟ್ ಕಟ್’ ಸದ್ದು ಬರುತ್ತಿದ್ದರೆ ಫೋಲ್ಡರ್ ತೆರೆದು ಒಂದೊಂದೇ ಕಡತ ಎಳೆಯುವ ಗೋಜಿಗೆ ಹೋಗಬೇಡಿ. ಲಿನಕ್ಸ್ ಲೈವ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ ಡಿಡಿರೆಸ್ಕ್ಯೂ ಎಂಬ ಉಪಕರಣದಿಂದ ಇಡೀ ಡಿಸ್ಕಿನ ಇಮೇಜ್ (ಒಂದೇ ಕಡತವಾಗಿ ಪೂರ್ತಿ ನಕಲು) ತೆಗೆಯಿರಿ. ಅದು ಓದಲಾದದ್ದನ್ನು ಮೊದಲು ಓದಿ, ಕೆಟ್ಟ ಜಾಗವನ್ನು ಕೊನೆಗೆ ಬಿಡುತ್ತದೆ. ಎಲ್ಲಿಯವರೆಗೆ ಓದಿದೆ ಎಂದು ಬರೆದಿಡುವ ಮ್ಯಾಪ್ ಕಡತ ಕೊಟ್ಟಿದ್ದರೆ ಕರೆಂಟ್ ಹೋದರೂ ನಿಂತಲ್ಲಿಂದ ಮುಂದುವರಿಯುತ್ತದೆ.

ಆ ಇಮೇಜನ್ನೇ ನೇರ ವರ್ಚುವಲ್ ಮಷೀನಿಗೆ (ಹೊಸ ಕಂಪ್ಯೂಟರಿನ ಒಳಗೇ ತಂತ್ರಾಂಶದಿಂದ ಕಟ್ಟಿದ ಇನ್ನೊಂದು ಕಂಪ್ಯೂಟರಿಗೆ) ಸಿಕ್ಕಿಸಿ ಎಕ್ಸ್‌ಪಿ ಎಬ್ಬಿಸುವ ಆಸೆ ಎಲ್ಲರಿಗೂ ಬರುತ್ತದೆ. ಡಿಸ್ಕ್ ಕಂಟ್ರೋಲರ್ ಬದಲಾದ್ದರಿಂದ ಹೆಚ್ಚಾಗಿ 7ಬಿ ಸಂಖ್ಯೆಯ ನೀಲಿ ಪರದೆಯಲ್ಲಿ ನಿಲ್ಲುತ್ತದೆ. ಅದನ್ನು ದಾಟಿದರೂ ಬೋರ್ಡ್ ಬದಲಾಗಿದೆ ಎಂದು ಮತ್ತೆ ಆಕ್ಟಿವೇಶನ್ ಕೇಳುತ್ತದೆ. ಹೊಸದಾಗಿ ಹಾಕುವುದೇ ಕಡಿಮೆ ತಲೆನೋವು.

ನೇರವಾಗಿ ವಿಂಡೋಸ್ 10, 11ರ ಮೇಲೆ

ಪೇಜ್‌ಮೇಕರ್ 7 ಒಂದು 32 ಬಿಟ್ ಪ್ರೋಗ್ರಾಂ, 64 ಬಿಟ್ ವಿಂಡೋಸ್ ಅದನ್ನು ಓಡಿಸುತ್ತದೆ. ಓಡಿಸದೇ ಇರುವುದು 16 ಬಿಟ್ ಸರಕನ್ನು. ಅದಕ್ಕಿಂತ ಹಳೆಯ ಕೆಲವು ಸಾಫ್ಟ್‌ವೇರುಗಳಲ್ಲಿ ಪ್ರೋಗ್ರಾಂ 32 ಬಿಟ್ ಆಗಿದ್ದೂ ಇನ್‌ಸ್ಟಾಲರ್ 16 ಬಿಟ್ ಆಗಿರುತ್ತದೆ. ಸಿಡಿ ಹಾಕಿದ ಕೂಡಲೇ ‘ಈ ಪಿಸಿಯಲ್ಲಿ ಓಡುವುದಿಲ್ಲ’ ಎಂದರೆ ಅದರ ಅರ್ಥ ಅದೇ.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಪೇಜ್‌ಮೇಕರ್ ತನ್ನ ಪ್ರಿಫರೆನ್ಸನ್ನು ಪ್ರೋಗ್ರಾಂ ಫೈಲ್ಸ್ ಒಳಗೇ ಬರೆಯಲು ಹೊರಡುತ್ತದೆ, ಈಗಿನ ವಿಂಡೋಸ್ ಅದಕ್ಕೆ ಬಿಡುವುದಿಲ್ಲ. ಪರಿಹಾರವೆಂದು ಎಲ್ಲರೂ ಹೇಳುವುದು ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’. ಮಾಡಿದಿರಿ, ಪೇಜ್‌ಮೇಕರ್ ತೆರೆಯಿತು. ಆದರೆ ನುಡಿ ಆನ್ ಮಾಡಿ ಟೈಪ್ ಮಾಡಿದರೆ ಕನ್ನಡ ಬರುವುದಿಲ್ಲ, ನೋಟ್‌ಪ್ಯಾಡಿನಲ್ಲಿ ಮಾತ್ರ ಸರಿಯಾಗಿ ಬರುತ್ತದೆ. ಫಾಂಟ್ ಕೆಟ್ಟಿದೆ ಎಂದು ಅರ್ಧ ದಿನ ಹುಡುಕಾಡುವವರಿದ್ದಾರೆ. ಕೆಟ್ಟಿರುವುದು ಏನೂ ಇಲ್ಲ: ವಿಂಡೋಸ್ ವಿಸ್ಟಾದಿಂದೀಚೆಗೆ ಕಡಿಮೆ ಹಕ್ಕಿನಲ್ಲಿ ಓಡುವ ಪ್ರೋಗ್ರಾಂ, ಹೆಚ್ಚು ಹಕ್ಕಿನ ಪ್ರೋಗ್ರಾಮಿನ ಕಿಟಕಿಗೆ ಕೀಲಿ ಒತ್ತಿ ಕಳಿಸುವಂತಿಲ್ಲ. ನುಡಿ ಸಾಮಾನ್ಯ ಹಕ್ಕಿನಲ್ಲಿದೆ, ಪೇಜ್‌ಮೇಕರ್ ಅಡ್ಮಿನ್ ಆಗಿ ಕೂತಿದೆ. ಎಕ್ಸ್‌ಪ್ಲೋರರಿನಿಂದ ಕಡತ ಎಳೆದು ಬಿಡುವುದು ನಿಂತುಹೋಗುವುದಕ್ಕೂ, ಮ್ಯಾಪ್ ಮಾಡಿದ ನೆಟ್‌ವರ್ಕ್ ಡ್ರೈವ್ ಒಳಗಿನಿಂದ ಕಾಣದಿರುವುದಕ್ಕೂ ಮೂಲ ಇದೇ ಅಡ್ಮಿನ್ ಹಕ್ಕು.

ಆದ್ದರಿಂದ ಅಡ್ಮಿನ್ ಬೇಡ. ಇನ್‌ಸ್ಟಾಲ್ ಮಾಡುವಾಗಲೇ ಪ್ರೋಗ್ರಾಂ ಫೈಲ್ಸ್ ಬಿಟ್ಟು ಸಿ ಡ್ರೈವಿನ ಬುಡದಲ್ಲಿ ಬೇರೊಂದು ಫೋಲ್ಡರ್ ಕೊಡಿ. ಆಗಲೇ ಹಾಕಿಯಾಗಿದ್ದರೆ ಆ ಫೋಲ್ಡರಿನ ಪ್ರಾಪರ್ಟೀಸ್, ಸೆಕ್ಯುರಿಟಿಗೆ ಹೋಗಿ ಯೂಸರ್ಸ್ ಗುಂಪಿಗೆ ಮಾಡಿಫೈ ಹಕ್ಕು ಕೊಟ್ಟರೆ ಸಾಕು. ಹಕ್ಕು ಕೊಡದೆ ಹಾಗೇ ಓಡಿಸಿದರೆ ವಿಂಡೋಸ್ ಆ ಬರಹವನ್ನು ಸದ್ದಿಲ್ಲದೆ ವರ್ಚುವಲ್‌ಸ್ಟೋರ್ ಎಂಬ ಕಡೆಗೆ ತಿರುಗಿಸುತ್ತದೆ. ಹಾಗಾದಾಗ ಒಬ್ಬ ಯೂಸರ್ ಬದಲಿಸಿದ ಸೆಟ್ಟಿಂಗ್ ಇನ್ನೊಬ್ಬರ ಲಾಗಿನ್‌ನಲ್ಲಿ ಇರುವುದೇ ಇಲ್ಲ.

ಇನ್ನೊಂದು: ರೀಜನ್ ಸೆಟ್ಟಿಂಗಿನಲ್ಲಿ ‘ಯೂನಿಕೋಡ್ ಅಲ್ಲದ ಪ್ರೋಗ್ರಾಮುಗಳ ಭಾಷೆ’ ಇಂಗ್ಲಿಷ್ ಆಗಿರಲಿ. ಅಲ್ಲೇ ಕೆಳಗೆ ಯುಟಿಎಫ್-8 ಬಳಸುವ ‘ಬೀಟಾ’ ಎಂಬ ಚೌಕ ಇದೆ, ಅದಕ್ಕೆ ಟಿಕ್ ಇರಕೂಡದು. ಟಿಕ್ ಬಿದ್ದರೆ 127ರ ಮೇಲಿನ ಸಂಕೇತಗಳನ್ನೆಲ್ಲ ಹಳೆಯ ಪ್ರೋಗ್ರಾಂ ತಪ್ಪಾಗಿ ಓದುತ್ತದೆ. ನುಡಿ ಫಾಂಟಿನ ಅರ್ಧಕ್ಕರ್ಧ ಅಕ್ಷರಗಳು ಇರುವುದೇ ಅಲ್ಲಿ.

ವರ್ಚುವಲ್ ಮಷೀನ್: ನಮ್ಮ ಆಯ್ಕೆ

ಅಪ್ಪಟ ಹಳೆಯ ಪುಟಗಳಿಗೆ ನೇರ ದಾರಿಗಿಂತ ಇದು ವಾಸಿ. ವಿಂಡೋಸ್ ಅಪ್‌ಡೇಟ್ ಬಂದು ಏನನ್ನೋ ಕೆಡಿಸಿತು ಎಂಬ ಮಾತೇ ಇಲ್ಲ. ಒಳಗೆ ಓಡುವ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ 2014ರ ಏಪ್ರಿಲ್ 8ಕ್ಕೇ ಮುಗಿದಿದೆ.

ವರ್ಚುವಲ್ ಮಷೀನ್ ಓಡಿಸುವ ತಂತ್ರಾಂಶವಾದ ವರ್ಚುವಲ್‌ಬಾಕ್ಸ್‌ನಲ್ಲಿ ಹೊಸ ಮಷೀನ್ ಮಾಡಿ: 32 ಬಿಟ್ ಎಕ್ಸ್‌ಪಿ, ಪ್ರೊಸೆಸರ್ 1, ರ‍್ಯಾಮ್ 1024 ಎಂಬಿ, ಡಿಸ್ಕ್ 20 ಜಿಬಿ. ಡಿಸ್ಕನ್ನು ಐಡಿಇ ಕಂಟ್ರೋಲರಿಗೇ ಸಿಕ್ಕಿಸಿ. ಸಾಟಾ ಕೊಟ್ಟರೆ ಎಕ್ಸ್‌ಪಿ ಸೆಟಪ್‌ಗೆ ಡಿಸ್ಕೇ ಕಾಣುವುದಿಲ್ಲ, ಅದರಲ್ಲಿ ಆ ಡ್ರೈವರ್ ಇಲ್ಲ. ನೆಟ್‌ವರ್ಕನ್ನು ‘ನಾಟ್ ಅಟ್ಯಾಚ್ಡ್’ ಮಾಡಿ. ಬೆಂಬಲವಿಲ್ಲದ ಎಕ್ಸ್‌ಪಿಯನ್ನು ಇಂಟರ್‌ನೆಟ್ಟಿಗೆ ಒಡ್ಡುವ ಅಗತ್ಯ ಪುಟ ಕಟ್ಟುವ ಕೆಲಸಕ್ಕಿಲ್ಲ. ಸರ್ವಿಸ್ ಪ್ಯಾಕ್ 3 ಹಾಕಿ, ಆಮೇಲೆ ವರ್ಚುವಲ್‌ಬಾಕ್ಸ್ ಕೊಡುವ ಗೆಸ್ಟ್ ಅಡಿಷನ್ಸ್ ಡ್ರೈವರುಗಳು. ಕಿಟಕಿಯ ಕೆಳಪಟ್ಟಿಯಲ್ಲಿ ಹಸಿರು ಆಮೆ ಕಂಡರೆ ಹೋಸ್ಟಿನಲ್ಲಿ (ಹೊರಗಿನ ನಿಜವಾದ ಕಂಪ್ಯೂಟರಿನಲ್ಲಿ) ವಿಂಡೋಸ್‌ನದೇ ವರ್ಚುವಲ್ ಮಷೀನ್ ವ್ಯವಸ್ಥೆಯಾದ ಹೈಪರ್-ವಿ ಓಡುತ್ತಿದೆ, ಅದರ ಮೇಲೆ ವರ್ಚುವಲ್‌ಬಾಕ್ಸ್ ನಿಧಾನವಾಗಿ ನಡೆಯುತ್ತಿದೆ ಎಂದರ್ಥ. ಆ ಆಮೆಯನ್ನು ತೊಲಗಿಸಲೆಂದು ಹೋಸ್ಟಿನ ಸುರಕ್ಷತೆಯ ಸೆಟ್ಟಿಂಗುಗಳನ್ನು ಆರಿಸುತ್ತ ಹೋಗಬೇಡಿ, ಎಕ್ಸ್‌ಪಿ ಹಗುರ. ಆಮೆಯ ಮೇಲೂ ಪೇಜ್‌ಮೇಕರ್ ಆ ಕಾಲದ ಮಷೀನಿಗಿಂತ ಚುರುಕಾಗಿಯೇ ಇರುತ್ತದೆ.

ಅನುಕ್ರಮ ಹೀಗಿರಲಿ: ಎಕ್ಸ್‌ಪಿ, ಪ್ರಿಂಟರುಗಳು, ಫಾಂಟುಗಳು, ನುಡಿ, ಕೊನೆಗೆ ಪೇಜ್‌ಮೇಕರ್. ಎಲ್ಲ ಮುಗಿದ ಮೇಲೆ ಮಷೀನ್ ಆಫ್ ಮಾಡಿ ಸ್ನ್ಯಾಪ್‌ಶಾಟ್ (ಆ ಹೊತ್ತಿನ ಸ್ಥಿತಿಯ ನಕಲು) ತೆಗೆಯಿರಿ. ಕೆಲಸದ ಕಡತಗಳನ್ನು ಮಾತ್ರ ವರ್ಚುವಲ್ ಡಿಸ್ಕಿನ ಒಳಗೆ ಬಿಟ್ಟುಕೊಳ್ಳಬೇಡಿ. ಏನೋ ಕೆಟ್ಟಿತೆಂದು ಸ್ನ್ಯಾಪ್‌ಶಾಟಿಗೆ ಹಿಂತಿರುಗಿದ ದಿನ ಅಷ್ಟೂ ಕೆಲಸ ಅಳಿಸಿಹೋಗುತ್ತದೆ. ಹೋಸ್ಟಿನ ಒಂದು ಫೋಲ್ಡರನ್ನು ಶೇರ್ಡ್ ಫೋಲ್ಡರ್ ಮಾಡಿ ಅಲ್ಲಿಂದ ತಂದು, ಮುಗಿದ ಮೇಲೆ ಅಲ್ಲಿಗೆ ಹಿಂದಿರುಗಿಸಿ. ಶೇರ್ಡ್ ಫೋಲ್ಡರಿನ ಮೇಲೇ ನೇರ ತೆರೆದು ಸೇವ್ ಮಾಡುವುದು ಬೇಡ, ಪೇಜ್‌ಮೇಕರ್ ನೆಟ್‌ವರ್ಕ್ ಡ್ರೈವಿನ ಮೇಲೆ ಎಂದೂ ನೆಚ್ಚುವಂತಿರಲಿಲ್ಲ.

ಹಳೆಯ ಚಿತ್ರಗಳ ಲಿಂಕು ಇ ಡ್ರೈವಿನದಾಗಿದ್ದರೆ ಎಕ್ಸ್‌ಪಿಯ ಸಬ್‌ಸ್ಟ್ ಆಜ್ಞೆಯಿಂದ ಯಾವುದಾದರೂ ಫೋಲ್ಡರಿಗೆ ಇ ಎಂಬ ಅಕ್ಷರ ಕೊಡಿ. ನೂರಿಪ್ಪತ್ತು ಚಿತ್ರಗಳನ್ನು ಲಿಂಕ್ಸ್ ಮ್ಯಾನೇಜರಿನಲ್ಲಿ ಒಂದೊಂದಾಗಿ ಹುಡುಕಿ ಕೂಡಿಸುವ ಕೆಲಸ ಒಂದೇ ಸಾಲಿನಲ್ಲಿ ಮುಗಿಯುತ್ತದೆ.

ನುಡಿ 4ರಲ್ಲಿ ಕನ್ನಡ–ಇಂಗ್ಲಿಷ್ ಬದಲಿಸುವುದು ಸ್ಕ್ರೋಲ್ ಲಾಕ್ ಕೀಲಿ. ಈಗಿನ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಅದು ಇಲ್ಲವೇ ಇಲ್ಲ. ಎಕ್ಸ್‌ಪಿಯ ಆನ್‌ಸ್ಕ್ರೀನ್ ಕೀಬೋರ್ಡಿನಲ್ಲಿ ಒತ್ತಬಹುದು, ವರ್ಚುವಲ್‌ಬಾಕ್ಸ್‌ನ ಇನ್‌ಪುಟ್ ಮೆನುವಿನ ಸಾಫ್ಟ್ ಕೀಬೋರ್ಡಿನಲ್ಲೂ ಇದೆ. ದಿನವಿಡೀ ಟೈಪ್ ಮಾಡುವವರಿಗೆ ಹೊರಗಿನ ಪೂರ್ಣ ಕೀಬೋರ್ಡೇ ಒಳ್ಳೆಯದು.

ಪ್ರಿಂಟರ್ ಇಲ್ಲದಿದ್ದರೆ ಸಾಲು ಒಡೆಯುವುದೇಕೆ

ಚೀಟಿ ಈಗ ತೆಗೆಯಿರಿ. ಪೇಜ್‌ಮೇಕರ್ ಸಾಲನ್ನು ಎಲ್ಲಿ ಮುರಿಯಬೇಕೆಂದು ಲೆಕ್ಕ ಹಾಕುವುದು ಪರದೆಯನ್ನು ನೋಡಿ ಅಲ್ಲ, ‘ಕಂಪೋಸ್ ಟು ಪ್ರಿಂಟರ್’ ಎಂದು ನಮೂದಾದ ಪ್ರಿಂಟರಿನ ಅಳತೆಯಲ್ಲಿ. ಆ ಪ್ರಿಂಟರ್ ಹೊಸ ಮಷೀನಿನಲ್ಲಿ ಇಲ್ಲದಿದ್ದರೆ ಬೇರೊಂದಕ್ಕೆ ಮತ್ತೆ ಕಂಪೋಸ್ ಮಾಡುತ್ತದೆ. ಪದದ ನಡುವಿನ ಜಾಗ ಚೂರು ಆಚೀಚೆಯಾಗಿ, ಪ್ಯಾರಾದ ಕೊನೆಯ ಒಂದು ಪದ ಕೆಳಗಿನ ಸಾಲಿಗೆ ಇಳಿದು, ಪುಟಗಳು ತಳ್ಳಿಕೊಂಡು ಹೋಗುತ್ತವೆ. ಲಗ್ನಪತ್ರಿಕೆಗೆ ಇದು ಲೆಕ್ಕಕ್ಕಿಲ್ಲ. ಪದಸೂಚಿ ಇರುವ ಪುಸ್ತಕಕ್ಕೆ ಜೀವನ್ಮರಣದ ಪ್ರಶ್ನೆ.

ಆ ಪ್ರಿಂಟರ್ ಮೇಜಿನ ಮೇಲೆ ಇರಬೇಕೆಂದಿಲ್ಲ, ಡ್ರೈವರ್ ಇದ್ದರೆ ಸಾಕು. ಆ ಕಾಲದ ಎಷ್ಟೋ ಲೇಸರ್‌ಜೆಟ್ ಡ್ರೈವರುಗಳು ಎಕ್ಸ್‌ಪಿಯ ಸಿಡಿಯಲ್ಲೇ ಇವೆ. ಆ್ಯಡ್ ಪ್ರಿಂಟರ್‌ನಲ್ಲಿ ಲೋಕಲ್ ಎಂದು, ಪೋರ್ಟ್ ಎಲ್‌ಪಿಟಿ1 ಎಂದು ಕೊಟ್ಟು ಚೀಟಿಯಲ್ಲಿದ್ದ ಮಾಡೆಲ್ ಹಾಕಿ, ಹೆಸರನ್ನೂ ಹಳೆಯದರಂತೆಯೇ ಇಡಿ.

ಪರೀಕ್ಷೆ: ಕಡತದ ನಕಲು ತೆರೆದು ಕೊನೆಯ ಪುಟಕ್ಕೆ ಹೋಗಿ. ಪಠ್ಯದ ಚೌಕಟ್ಟಿನ ಕೆಳಗಿನ ಹಿಡಿಕೆಯಲ್ಲಿ ಕೆಂಪು ತ್ರಿಕೋನ ಕಂಡರೆ ಪಠ್ಯ ಉಕ್ಕಿ ಹೊರಗುಳಿದಿದೆ. ಕಾಣದಿದ್ದರೂ ನಂಬಬೇಡಿ. ಹಳೆಯ ಹತ್ತು ಪುಟಗಳ ಪ್ರಿಂಟನ್ನು ಹೊಸದರ ಮೇಲಿಟ್ಟು ಟ್ಯೂಬ್‌ಲೈಟಿಗೆ ಹಿಡಿಯಿರಿ. ತಲೆಕಟ್ಟುಗಳು ಒಂದರ ಮೇಲೊಂದು ಕೂತರೆ ಗೆದ್ದಿರಿ.

ಪ್ಯಾನೋಸ್ ಕಿಟಕಿ

ಫಾಂಟ್ ಸಿಗದಾಗ ಪೇಜ್‌ಮೇಕರ್ ಪ್ಯಾನೋಸ್ ಹೊಂದಾಣಿಕೆಯ ಕಿಟಕಿ ತೆರೆದು, ಇಂಥ ಫಾಂಟಿನ ಬದಲು ಇಂಥದ್ದು ಹಾಕಲೇ ಎಂದು ಕೇಳುತ್ತದೆ. ಅಲ್ಲಿ ಟೆಂಪರರಿ, ಪರ್ಮನೆಂಟ್ ಎಂಬ ಎರಡು ಆಯ್ಕೆ. ಪರ್ಮನೆಂಟ್ ಒತ್ತಿ ಸೇವ್ ಮಾಡಿದರೆ ಯಾವ ಪ್ಯಾರಾಗೆ ಯಾವ ಫಾಂಟಿತ್ತು ಎಂಬ ಸುಳಿವೇ ಕಡತದಿಂದ ಅಳಿಸಿಹೋಗುತ್ತದೆ. ಯಾವಾಗಲೂ ಟೆಂಪರರಿ ಒತ್ತಿ, ಕೇಳಿದ ಹೆಸರುಗಳನ್ನು ಬರೆದುಕೊಂಡು, ಸೇವ್ ಮಾಡದೆ ಮುಚ್ಚಿ, ಫಾಂಟ್ ಹಾಕಿ ಮತ್ತೆ ತೆರೆಯಿರಿ. ‘ನುಡಿ 01 ಇ’ ಇರುವ ಜಾಗಕ್ಕೆ ‘ನುಡಿ 01 ಕೆ’ ಕೊಟ್ಟರೂ ನಡೆಯುತ್ತದೆ ಎನ್ನಿಸಬಹುದು. ಅಕ್ಷರ ಒಂದೇ, ಅಂಕಿ ಬೇರೆ: ಮೊದಲನೆಯದರಲ್ಲಿ ಇಂಗ್ಲಿಷ್ ಅಂಕಿ, ಎರಡನೆಯದರಲ್ಲಿ ಕನ್ನಡ ಅಂಕಿ.

ಟೈಪ್ ಮೆನುವಿನ ಹೈಫನೇಶನ್ (ಸಾಲಿನ ಕೊನೆಯಲ್ಲಿ ಪದ ಮುರಿಯುವುದು) ಆಫ್ ಇರಲಿ. ಪೇಜ್‌ಮೇಕರಿಗೆ ಕನ್ನಡ ಕಾಣುವುದಿಲ್ಲ, ಲ್ಯಾಟಿನ್ ಅಕ್ಷರಗಳು ಕಾಣುತ್ತವೆ. ಅವನ್ನು ಇಂಗ್ಲಿಷ್ ಪದವೆಂದು ತಿಳಿದು ಕತ್ತರಿಸಿದರೆ ಒತ್ತಕ್ಷರ ಒಂಟಿಯಾಗಿ ಮುಂದಿನ ಸಾಲಿನ ತಲೆಗೆ ಬಂದು ಕೂರುತ್ತದೆ. ಸ್ಟೋರಿ ಎಡಿಟರಿನಲ್ಲಿ (ಪಠ್ಯ ಮಾತ್ರ ತೋರಿಸಿ ತಿದ್ದಲು ಬಿಡುವ ಕಿಟಕಿ) ಗೋಜಲು ಅಕ್ಷರ ಕಂಡರೆ ಹೆದರಬೇಡಿ. ಪ್ರಿಫರೆನ್ಸ್, ಮೋರ್ ಒಳಗೆ ಸ್ಟೋರಿ ಎಡಿಟರ್ ಫಾಂಟನ್ನು ನುಡಿಗೆ ಬದಲಿಸಿದರೆ ಸರಿಹೋಗುತ್ತದೆ.

ತೆರೆಯುವಾಗ ತಡವರಿಸುವ, ಒಂದು ಪುಟಕ್ಕೆ ಹೋದಾಗ ಮುಚ್ಚಿಹೋಗುವ ಕಡತಕ್ಕೆ ಒಂದು ಹಳೆಯ ಮದ್ದಿದೆ. ಬಾಣದ ಟೂಲ್ ಹಿಡಿದು, ಏನನ್ನೂ ಆಯ್ಕೆ ಮಾಡದೆ, ಕಂಟ್ರೋಲ್ ಮತ್ತು ಶಿಫ್ಟ್ ಒತ್ತಿಕೊಂಡೇ ಟೈಪ್ ಮೆನುವಿನ ಹೈಫನೇಶನ್ ಒತ್ತಿ. ಪೇಜ್‌ಮೇಕರ್ ಕಡತವನ್ನು ತಾನೇ ತಪಾಸಣೆ ಮಾಡುತ್ತದೆ. ಒಂದು ಬೀಪ್ ಬಂದರೆ ದೋಷವಿಲ್ಲ, ಎರಡು ಬಂದರೆ ಸಿಕ್ಕಿದ್ದನ್ನು ಸರಿಪಡಿಸಿದೆ, ಮೂರು ಬಂದರೆ ಅದರ ಕೈಲಾಗಲಿಲ್ಲ. ಇದು ಪಠ್ಯವನ್ನು ಮತ್ತೆ ಕಂಪೋಸ್ ಮಾಡುವುದರಿಂದ ನಕಲಿನ ಮೇಲೆ ಮಾತ್ರ ಮಾಡಿ. ಆಮೇಲೆ ಸೇವ್ ಆ್ಯಸ್ ಕೊಡಿ. ಬರೀ ಸೇವ್ ಕೊಡುತ್ತ ಹೋದಂತೆ ಕಡತ ಉಬ್ಬುತ್ತದೆ, ಸೇವ್ ಆ್ಯಸ್ ಅದನ್ನು ಕುಗ್ಗಿಸುತ್ತದೆ.

ಪಿಡಿಎಫ್ ಹೊರತೆಗೆಯುವುದು

ಎಕ್ಸ್‌ಪೋರ್ಟ್ ಮೆನುವಿನ ಪಿಡಿಎಫ್ ಆಯ್ಕೆ, ಪಿಡಿಎಫ್ ತಯಾರಿಸುವ ಅಡೋಬಿಯ ಇನ್ನೊಂದು ತಂತ್ರಾಂಶ ಅಕ್ರೋಬ್ಯಾಟ್ ಡಿಸ್ಟಿಲರನ್ನು ನೆಚ್ಚಿಕೊಂಡಿದೆ. ಅದಕ್ಕಿಂತ ಗಟ್ಟಿ ದಾರಿ ಪೋಸ್ಟ್‌ಸ್ಕ್ರಿಪ್ಟ್ (ಪುಟವನ್ನು ಪ್ರಿಂಟರಿಗೆ ವಿವರಿಸುವ ಭಾಷೆ) ಕಡತ ಬರೆಸಿ, ಅದನ್ನು ಓದಬಲ್ಲ ಘೋಸ್ಟ್‌ಸ್ಕ್ರಿಪ್ಟ್ ತಂತ್ರಾಂಶದಲ್ಲಿ ಪಿಡಿಎಫ್ ಮಾಡುವುದು.

ಎಕ್ಸ್‌ಪಿಯಲ್ಲಿ ಇನ್ನೊಂದು ಪ್ರಿಂಟರ್ ಸೇರಿಸಿ: ತಯಾರಕರ ಪಟ್ಟಿಯಲ್ಲಿ ಜೆನೆರಿಕ್, ಅದರೊಳಗೆ ಎಂಎಸ್ ಪಬ್ಲಿಷರ್ ಇಮೇಜ್‌ಸೆಟ್ಟರ್, ಪೋರ್ಟ್ ‘ಫೈಲ್’. ಇದರ ಪಿಪಿಡಿ (ಪ್ರಿಂಟರಿನ ವಿವರಣೆಯ) ಕಡತ ಸಿಸ್ಟಂ32ರ ಸ್ಪೂಲ್, ಡ್ರೈವರ್ಸ್ ಒಳಗೆ ಇಳಿದಿರುತ್ತದೆ. ಅದನ್ನು ಪೇಜ್‌ಮೇಕರಿನ ಪಿಪಿಡಿ4 ಫೋಲ್ಡರಿಗೆ ನಕಲಿಸಿ, ಇಲ್ಲವಾದರೆ ಪ್ರಿಂಟ್ ಕಿಟಕಿಯ ಪಟ್ಟಿಯಲ್ಲಿ ಕಾಣುವುದಿಲ್ಲ. ಪ್ರಿಂಟ್ ಕಿಟಕಿಯ ಪೇಪರ್ ಭಾಗದಲ್ಲಿ ಕಸ್ಟಮ್ ಅಳತೆ ಕೊಡಿ. ಪುಟ 5.5 × 8.5 ಇಂಚಾದರೆ ಕಾಗದ 6.5 × 9.5 ಇರಲಿ, ಸುತ್ತ ಅರ್ಧ ಇಂಚು ಸಿಗದಿದ್ದರೆ ಕ್ರಾಪ್ ಮಾರ್ಕ್ (ಕಾಗದ ಎಲ್ಲಿ ಕತ್ತರಿಸಬೇಕೆಂಬ ಗುರುತು) ಕತ್ತರಿಸಿಹೋಗುತ್ತದೆ. ಆಪ್ಷನ್ಸ್ ಭಾಗದಲ್ಲಿ ಚಿತ್ರಗಳಿಗೆ ನಾರ್ಮಲ್, ಫಾಂಟ್ ಡೌನ್‌ಲೋಡ್‌ಗೆ ‘ಪೋಸ್ಟ್‌ಸ್ಕ್ರಿಪ್ಟ್ ಮತ್ತು ಟ್ರೂಟೈಪ್’, ಆಮೇಲೆ ‘ರೈಟ್ ಪೋಸ್ಟ್‌ಸ್ಕ್ರಿಪ್ಟ್ ಟು ಫೈಲ್’. ಮುದ್ರಣಕ್ಕೆಂದು ಪ್ರಿಂಟರ್ ಬದಲಿಸಿದಾಗ ಡಾಕ್ಯುಮೆಂಟ್ ಸೆಟಪ್‌ನ ಹೆಸರು ಹಾಗೇ ಉಳಿದಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ.

ಪಿಎಸ್ ಕಡತವನ್ನು ಹೋಸ್ಟಿಗೆ ತಂದು ಘೋಸ್ಟ್‌ಸ್ಕ್ರಿಪ್ಟ್ ಜೊತೆ ಬರುವ ಪಿಎಸ್2ಪಿಡಿಎಫ್‌ಗೆ ಕೊಡಿ, ಸೆಟ್ಟಿಂಗ್ ಪ್ರೀಪ್ರೆಸ್. ಅದರಲ್ಲಿ ಬಣ್ಣದ ಚಿತ್ರಗಳಿಗೆ 300 ಡಿಪಿಐ ಸಿಗುತ್ತದೆ. ‘ಸ್ಕ್ರೀನ್’ ಕೊಟ್ಟರೆ 72ಕ್ಕೆ ಇಳಿದು ಫೋಟೊ ಕೆಡುತ್ತದೆ. ಪಿಡಿಎಫ್ ರೀಡರಿನ ಪ್ರಾಪರ್ಟೀಸ್‌ನಲ್ಲಿ ಫಾಂಟ್ಸ್ ನೋಡಿ. ನುಡಿಯ ಹೆಸರಿನ ಮುಂದೆ ‘ಎಂಬೆಡೆಡ್ ಸಬ್‌ಸೆಟ್’ ಎಂದಿರಬೇಕು. ‘ಟೈಪ್ 3’ ಎಂದಿದ್ದರೆ ಅಕ್ಷರ ಬಿಟ್‌ಮ್ಯಾಪ್ ಆಗಿ ಹೋಗಿರುವ ಸಂಭವ ಹೆಚ್ಚು, ಪ್ರಿಂಟರ್ ಡ್ರೈವರಿನಲ್ಲಿ ಟ್ರೂಟೈಪ್ ಡೌನ್‌ಲೋಡ್ ಆಯ್ಕೆಯನ್ನು ‘ಆಟೋಮ್ಯಾಟಿಕ್’ನಿಂದ ‘ಔಟ್‌ಲೈನ್’ಗೆ ತನ್ನಿ. ಪ್ಲೇಟ್ ಮಾಡಲು ಬಳಸುವ ಅರೆಪಾರದರ್ಶಕ ಬಟರ್ ಶೀಟಿಗೆ ತೆಗೆಯುವಾಗ ‘ಫಿಟ್’ ಬೇಡ, ‘ಆ್ಯಕ್ಚುವಲ್ ಸೈಜ್’. ಫಿಟ್ ಕೊಟ್ಟರೆ ಪುಟದ ಅಳತೆ ಬದಲಾಗಿ ಪ್ಲೇಟಿನಲ್ಲಿ ಪುಟಗಳು ಕೂಡುವುದಿಲ್ಲ.

ಯೂನಿಕೋಡಿಗೆ ಹೋಗಲೇಬೇಕಾದಾಗ

ಕಡತವನ್ನು ಬರೀ ನೋಡಬೇಕಾದರೆ ಲಿಬ್ರೆಆಫೀಸ್ ಡ್ರಾ ಪೇಜ್‌ಮೇಕರ್ ಕಡತ ತೆರೆಯುತ್ತದೆ, ವಿನ್ಯಾಸ ಅಷ್ಟಿಷ್ಟು ಕದಲುತ್ತದೆ. ಇನ್‌ಡಿಸೈನ್ ಸಿಎಸ್6ರವರೆಗಿನ ಆವೃತ್ತಿಗಳು ತೆರೆಯುತ್ತವೆ, ಅದರ ನಂತರದ ಸಿಸಿ ಆವೃತ್ತಿಯಿಂದ ಆ ಸೌಲಭ್ಯ ಇಲ್ಲ. ಎಲ್ಲಿ ತೆರೆದರೂ ಪಠ್ಯ ಮಾತ್ರ ಹಳೆಯ ಸಂಕೇತದಲ್ಲೇ ಇರುತ್ತದೆ, ಈಗಿನ ಕಂಪ್ಯೂಟರುಗಳ ಸಾಮಾನ್ಯ ಅಕ್ಷರಸಂಕೇತವಾದ ಯೂನಿಕೋಡಿನಲ್ಲಲ್ಲ.

ಆ ಸಂಕೇತ ಹೇಗಿದೆ ನೋಡಿ. ಯೂನಿಕೋಡಿನಲ್ಲಿ ‘ಕನ್ನಡ’ ಎಂದರೆ ಐದು ಸಂಕೇತ: ಕ, ನ, ವಿರಾಮ, ನ, ಡ. ನುಡಿ ಫಾಂಟಿನಲ್ಲಿ ಏಳು: 80, 192, 163, 192, 223, 113, 192. ಇದರಲ್ಲಿ 80 ತಲೆಕಟ್ಟಿಲ್ಲದ ಕ, 192 ತಲೆಕಟ್ಟು, 163 ತಲೆಕಟ್ಟಿಲ್ಲದ ನ, 223 ನ ಒತ್ತು, 113 ತಲೆಕಟ್ಟಿಲ್ಲದ ಡ. ಅಚ್ಚುಮೊಳೆ ಜೋಡಿಸಿದಂತೆ ತುಂಡುತುಂಡು. ‘ಮ’ ಎಂಬುದಕ್ಕೆ ಸ್ವಂತ ಮೊಳೆಯೇ ಇಲ್ಲ. ವ (170), ತಲೆಕಟ್ಟು (192), ಕೊಂಬು (196) ಸೇರಿದರೆ ಮ. ಕೊನೆಯ ಸಂಕೇತ 197 ಆದರೆ ಅದು ವು. ‘ಕರ್ನಾಟಕ’ದಲ್ಲಿ ಅರ್ಕಾವತ್ತು (240) ಬರುವುದು ನಾ ಆದ ಮೇಲೆ, ಯೂನಿಕೋಡಿನಲ್ಲಿ ರ್ ಬರುವುದು ನಾಗೆ ಮುಂಚೆ. ಆದ್ದರಿಂದ ಫೈಂಡ್–ಚೇಂಜ್‌ನಲ್ಲಿ ಒಂದಕ್ಕೆ ಒಂದು ಬದಲಿಸಿ ಗೆಲ್ಲಲಾಗುವುದಿಲ್ಲ. ಕ್ರಮ ಬದಲಿಸಬಲ್ಲ ಪರಿವರ್ತಕವೇ ಬೇಕು.

ಪಠ್ಯವನ್ನು ಎಕ್ಸ್‌ಪೋರ್ಟ್ ಮಾಡುವಾಗ ಬರೀ ಟೆಕ್ಸ್ಟ್ ಬೇಡ, ಆರ್‌ಟಿಎಫ್ ಇರಲಿ. ಆರ್‌ಟಿಎಫ್‌ನಲ್ಲಿ ಫಾಂಟಿನ ಹೆಸರು ಉಳಿಯುತ್ತದೆ, ಇಂಗ್ಲಿಷ್ ಪದ ಯಾವುದು ನುಡಿ ಯಾವುದು ಎಂದು ಬೇರ್ಪಡಿಸಬಹುದು. ಟೆಕ್ಸ್ಟ್ ಆದರೆ ಎರಡೂ ಒಂದೇ ರಾಶಿ, ಪರಿವರ್ತಕ ಇಂಗ್ಲಿಷ್ ಹೆಸರುಗಳನ್ನೂ ಕನ್ನಡದ ಚೂರುಗಳಾಗಿ ಅರೆದುಹಾಕುತ್ತದೆ. ಶ್ರೀಲಿಪಿಯಂಥ ಬೇರೆ ಸಂಕೇತದ ಫಾಂಟಿಗೆ ನುಡಿಯ ಪರಿವರ್ತಕ ಓಡಿಸಿದರೂ ಇದೇ ಗತಿ. ಬಂದ ಫಲಿತಾಂಶದಲ್ಲಿ ಮೊದಲು ಈ ಪದಗಳನ್ನು ಹುಡುಕಿ: ಕರ್ನಾಟಕ, ಅರ್ಥ, ಸ್ತ್ರೀ, ಲಕ್ಷ್ಮಿ, ಜ್ಞಾನ, ಕೃಷ್ಣ, ವೈಶಿಷ್ಟ್ಯ. ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರಿರುವುದು, ಎರಡು ಒತ್ತು ಇರುವಲ್ಲಿ ಒಂದು ಬಿದ್ದುಹೋಗಿರುವುದು, ಮ ಇರುವಲ್ಲಿ ವು ಆಗಿರುವುದು, ಈ ಮೂರೂ ಕರಡು ತಿದ್ದುವವರ ಕಣ್ಣಿಗೆ ಇಲ್ಲೇ ಬೀಳುತ್ತವೆ. ಇದರಲ್ಲಿ ಒಂದು ತಪ್ಪಿದ್ದರೂ ಅಧ್ಯಾಯ ಪೂರ್ತಿ ಕೈಯಲ್ಲಿ ತಿದ್ದಲು ಕೂರಬೇಡಿ, ಪರಿವರ್ತಕ ಬದಲಿಸಿ ಮೂಲ ಆರ್‌ಟಿಎಫ್‌ನಿಂದ ಮತ್ತೆ ಓಡಿಸಿ.